ಇನ್‌ಸ್ಪೆಕ್ಟರ ಪಿಸ್ತೂಲಿಗೆ ಒರೆ

ಮೊನ್ನೆ ಕನ್ನಡಕಕ್ಕೆ ಒಂದು ಹೊಸ ಚೀಲ ಕೊಂಡೆ. ನೋಡಲು ಬಲು ಚೆಂದ, ಮೇಲೆ ಹೂವಿನ ಅಚ್ಚು ಬೇರೆ. ಆದರೆ ನಾನು ಸ್ವಲ್ಪ ಬಗ್ಗಿದರೆ ಸಾಕು, ಜೇಬಿನಲ್ಲಿಟ್ಟ ಚೀಲದಿಂದ ಕನ್ನಡಕ ಜಾರಿ ಕೆಳಗೆ ಬೀಳುತ್ತದೆ. ಚಪ್ಪಲಿ ಮೆಟ್ಟಲು ಬಗ್ಗಿದಾಗ ಒಮ್ಮೆ ಬಿತ್ತು, ಬಚ್ಚಲಲ್ಲಿ ಒಮ್ಮೆ ಬಿತ್ತು. ನಿನ್ನೆ ಒಲೆಯ ಮೇಲಿದ್ದ ಹುಳಿಯಲ್ಲಿ ಉಪ್ಪು ಸರಿಯಾಗಿದೆಯೋ ಎಂದು ಮೂಗು ತೂರಿಸಿದಾಗ ನೇರವಾಗಿ ಪಾತ್ರೆಗೇ ಬಿತ್ತು. ಮನೆಯಾಕೆ ಸೌಟಿನಿಂದ ಅದನ್ನು ಎತ್ತಿ ನನ್ನ ಕೈಗಿಟ್ಟಳು.

"ಜೀವಮಾನವೆಲ್ಲ ತೊಗಲು ಹೊಲಿದೋರು ನೀವು. ಒಂದು ಕನ್ನಡಕದ ಚೀಲ ಹೊಲ್ಕೊಳ್ಳೋಕೆ ಆಗಲ್ವಾ?" ಎಂದಳು.

"ನಾನು ಹೊಲಿದ್ರೆ ಕನ್ನಡಕ ಆಚೆಗೇ ಬರಲ್ಲ ಕಣೇ," ಎಂದೆ.

ಅವಳಿಗೆ ಹಳೆಯ ಸಂಗತಿ ಗೊತ್ತು, ನಕ್ಕಳು. ನಿಮಗೆ ಗೊತ್ತಿಲ್ಲವಲ್ಲ, ಹಾಗಾಗಿ ಹೇಳುತ್ತೇನೆ. ಎಷ್ಟು ತೊಳೆದರೂ ಕನ್ನಡಕದಿಂದ ಇಂಗಿನ ವಾಸನೆ ಹೋಗಿಲ್ಲ. ಬರೆಯುವಾಗ ನಡುನಡುವೆ ಹಸಿವಾಗಿ ಎದ್ದುಹೋದರೆ ತಪ್ಪು ತಿಳಿಯಬೇಡಿ.

ನಮ್ಮೂರು ಮುಳಬಾಗಿಲಿನ ಹತ್ತಿರದ ದೇವರಾಯಸಮುದ್ರ. ಕೆರೆ ತುಂಬಿದ ವರ್ಷ ಗದ್ದೆಯ ಬೇಸಾಯ, ತುಂಬದ ವರ್ಷ ಕಪಿಲೆ ಬಾವಿ. ಪಂಪುಸೆಟ್ಟಿನ ಕಾಲದವರಿಗೆ ಕಪಿಲೆಯ ವಿಚಾರ ಬಿಡಿಸಿ ಹೇಳಬೇಕು. ಜೋಡಿ ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋಗುತ್ತವೆ, ಬಾವಿಯಿಂದ ತೊಗಲಿನ ದೊಡ್ಡ ಚೀಲವೊಂದು ನೀರು ತುಂಬಿಕೊಂಡು ಮೇಲೆ ಬರುತ್ತದೆ. ಬೇಸಗೆಯಲ್ಲಿ ಕಪಿಲೆ ಬಿಚ್ಚಿಟ್ಟ ಮಧ್ಯಾಹ್ನ ಆ ಚೀಲದೊಳಗೆ ಹೊಕ್ಕು ಮಲಗುವುದು ಚಿಕ್ಕವನಾಗಿದ್ದಾಗ ನನ್ನ ಪರಮ ಸುಖ. ಒಳಗೆ ತಂಪು, ಒದ್ದೆ ತೊಗಲಿನ ಮತ್ತು ಹರಳೆಣ್ಣೆಯ ವಾಸನೆ, ಹೊರಗೆ ಎಲ್ಲೋ ಅಮ್ಮ ಕೂಗುತ್ತಿರುವ ಸದ್ದು. ಒಂದು ದಿನ ಅಪ್ಪ ನೋಡದೆ ನನ್ನನ್ನೂ ಸೇರಿಸಿ ಬಾವಿಗೆ ಇಳಿಬಿಡಲು ಹೊರಟಿದ್ದರು. ನಾನು ಒಳಗಿನಿಂದಲೇ ಸೀನಿದ್ದರಿಂದ ಈ ಲೇಖನ ಬರೆಯಲು ಉಳಿದುಕೊಂಡೆ.

ಚೀಲದ ಹೊಲಿಗೆ ಬಿಚ್ಚಿದಾಗಲೆಲ್ಲ ಅದನ್ನು ಸರಿಮಾಡುವ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಬೇರೆ ಯಾವ ಕೆಲಸದಲ್ಲೂ ನಾನು ಒದಗುತ್ತಿರಲಿಲ್ಲವೆಂಬುದೇ ಕಾರಣ. ನೇಗಿಲು ಹಿಡಿದರೆ ಸಾಲು ಪಕ್ಕದವರ ಹೊಲಕ್ಕೆ ಹೋಗುತ್ತಿತ್ತು. ಶಾಲೆಯ ಪರೀಕ್ಷೆ ಎಂದರೆ ಹಿಂದಿನ ದಿನವೇ ಜ್ವರ. ನನ್ನ ಅಣ್ಣ ಕೃಷ್ಣಪ್ಪ ಇದಕ್ಕೆ ಪೂರ್ತಿ ಉಲ್ಟಾ. ಕೋಲಾರದಲ್ಲಿ ಇದ್ದುಕೊಂಡು ಹೈಸ್ಕೂಲು ಓದಿದ. ಓದಿನ ಜೊತೆಗೆ ಖಾದಿ ಉಡುವುದನ್ನೂ ಪೇಪರು ಓದುವುದನ್ನೂ ಕಲಿತು ಬಂದ. ಊರಿನವರನ್ನು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು ಸ್ವರಾಜ್ಯ ಹೇಗೆ ಬರುತ್ತದೆಂದು ಹೇಳುತ್ತಿದ್ದ. ಅದು ಯಾವ ದಾರಿಯಿಂದ ಬರುತ್ತದೆಂದು ಕೇಳಿದ ನನಗೆ ತಲೆಯ ಮೇಲೊಂದು ಮೊಟಕು ಸಿಕ್ಕಿತ್ತು.

ಕೊನೆಗೆ ಅಪ್ಪ ನನ್ನನ್ನು ಮುಳಬಾಗಿಲಿಗೆ ಕರೆದುಕೊಂಡು ಹೋಗಿ ಬುಡನ್ ಸಾಬರ ಮುಂದೆ ನಿಲ್ಲಿಸಿದರು. ಸಾಬರು ಜಟಕಾ ಕುದುರೆಗಳಿಗೆ ಜೀನು, ಲಗಾಮು, ಕೊರಳಪಟ್ಟಿ ಹೊಲಿಯುತ್ತಿದ್ದ ಜೀನುಗಾರರು. ಜಟಕಾ ನಿಲ್ಲುವ ಕಡೆ, ಹುಣಸೆ ಮರದ ಕೆಳಗೆ ಅವರ ಅಂಗಡಿ.

"ಇವನಿಗೆ ಏನು ಬರುತ್ತೆ ಗೌಡ್ರೇ?" ಎಂದು ಸಾಬರು ಕೇಳಿದರು.

"ಏನೂ ಬರಲ್ಲ. ಕಪಿಲೆ ಚೀಲ ಒಂದು ಹೊಲೀತಾನೆ," ಎಂದರು ಅಪ್ಪ.

"ಏನೂ ಬರದೇ ಇರೋದೇ ಒಳ್ಳೇದು. ಅರ್ಧ ಕಲಿತು ಬಂದೋರನ್ನ ತಿದ್ದೋದ್ರಲ್ಲಿ ನನ್ನ ಗಡ್ಡ ಬೆಳ್ಳಗಾಯ್ತು," ಎಂದು ಸಾಬರು ನನ್ನ ಕೈಯನ್ನು ಹಿಡಿದು ಬೆರಳುಗಳನ್ನು ಮಡಚಿ ನೋಡಿದರು. ಹಲ್ಲು ನೋಡಲಿಲ್ಲ, ಅಷ್ಟೇ. ಉಳಿದಂತೆ ಕುದುರೆಯ ವ್ಯಾಪಾರವೇ.

ಆಗ ನನಗೆ ಇಪ್ಪತ್ತು ದಾಟಿತ್ತು. ದಿನವೂ ಬೆಳಗ್ಗೆ ಊರಿನ ಜಟಕಾದಲ್ಲಿ ಹೋಗಿ ಸಂಜೆ ಅದರಲ್ಲೇ ಬರುತ್ತಿದ್ದೆ. ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಏರು ಬಂದರೆ ಜನರೇ ಇಳಿದು ತಳ್ಳಬೇಕು. ಹಾಗಾಗಿ ಜಟಕಾಗಳಿಗೆ ಮತ್ತೆ ಒಳ್ಳೆಯ ಕಾಲ ಬಂದಿತ್ತು. ಶ್ರೀನಿವಾಸಪುರದ ಕಡೆಯ ಜಟಕಾದವರೂ ಲಗಾಮು ಸರಿಮಾಡಿಸಲು ನಮ್ಮಲ್ಲಿಗೇ ಬರುತ್ತಿದ್ದರು. ಸಾಬರಿಗೆ ಕೈತುಂಬ ಕೆಲಸ, ಬಾಯಿತುಂಬ ಮಾತು. ಮಾತಿನಲ್ಲಿ ಅರ್ಧ ಕುದುರೆಗಳದು, ಉಳಿದರ್ಧ ಮಾಲೂರಿಗೆ ಕೊಟ್ಟ ಮಗಳ ಅತ್ತೆಯದು.

ತೊಗಲಿನ ಹೊಲಿಗೆ ಬಟ್ಟೆಯ ಹೊಲಿಗೆಯಂತಲ್ಲ. ಒಂದೇ ದಾರಕ್ಕೆ ಎರಡೂ ತುದಿಯಲ್ಲಿ ಒಂದೊಂದು ಸೂಜಿ. ಮೊದಲು ಆರಿಯಿಂದ ತೂತು ಚುಚ್ಚಬೇಕು, ಆಮೇಲೆ ಆ ಕಡೆಯ ಸೂಜಿ ಈ ಕಡೆಗೆ, ಈ ಕಡೆಯದು ಆ ಕಡೆಗೆ, ಒಂದೇ ತೂತಿನಲ್ಲಿ. ಬಳಿಕ ಎರಡೂ ಕೈ ಅಗಲಿಸಿ ದಾರ ಜಗ್ಗಬೇಕು. ನಾನು ಜಗ್ಗಿದಾಗ ಬಲಗೈ ಗೋಡೆಗೆ ಬಡಿಯುತ್ತಿತ್ತು, ಎಡಗೈ ಸಾಬರ ಗಡ್ಡಕ್ಕೆ ತಾಗುತ್ತಿತ್ತು. ತೊಗಲಿನಲ್ಲಿ ತಪ್ಪು ತೂತು ಬಿದ್ದರೆ ಬಿದ್ದದ್ದೇ, ಬಟ್ಟೆಯಂತೆ ಮುಚ್ಚಿಕೊಳ್ಳುವುದಿಲ್ಲ. ಹೀಗಾಗಿ ನನ್ನ ಮೊದಮೊದಲ ಪಟ್ಟಿಗಳಲ್ಲಿ ಹೊಲಿಗೆಗಿಂತ ತೂತೇ ಹೆಚ್ಚು. ಕುದುರೆಯ ಕಣ್ಣಿಗೆ ಕಟ್ಟುವ ಪಟ್ಟಿಯೊಂದನ್ನು ಹೊಲಿದುಕೊಟ್ಟಿದ್ದೆ. ಅದನ್ನು ಕಟ್ಟಿಕೊಂಡ ಕುದುರೆ ತೂತುಗಳಲ್ಲೇ ಪೇಟೆಯನ್ನೆಲ್ಲ ನೋಡುತ್ತ ಹೋಯಿತೆಂದು ಜಟಕಾದವರು ಬಹಳ ದಿನ ಆಡಿಕೊಂಡರು.

ಹೀಗಿರುವಾಗ ಇನ್‌ಸ್ಪೆಕ್ಟರು ಬಂದರು. ಮೈಸೂರು ಕಡೆಯಿಂದ ವರ್ಗವಾಗಿ ಹೊಸದಾಗಿ ಬಂದಿದ್ದ ಪೊಲೀಸ್ ಇನ್‌ಸ್ಪೆಕ್ಟರು. ಎತ್ತರದ ಆಳು, ಒಳ್ಳೆಯವರೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಪಿಸ್ತೂಲಿನ ಹಳೆಯ ಚೀಲವನ್ನು ಗೆದ್ದಲು ತಿಂದುಬಿಟ್ಟಿತ್ತು. ಹೊಸದನ್ನು ಕಳಿಸಿರೆಂದು ಮೇಲಕ್ಕೆ ಬರೆದರೆ, ತೊಗಲೆಲ್ಲ ಸೈನ್ಯಕ್ಕೆ ಹೋಗುತ್ತಿದೆ, ಕಾಯಿರಿ ಎಂಬ ಉತ್ತರ ಬಂತಂತೆ. ಅಲ್ಲಿಯವರೆಗೆ ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಿದ್ದರು. ಸಂತೆಯಲ್ಲಿ ಒಬ್ಬಳು ಅವರನ್ನು ಕರೆದು, ಎಳೆ ಬದನೆಕಾಯಿ ಇದೆ, ಚೀಲ ಹಿಡೀರಿ ಎಂದಳೆಂದು ಸುದ್ದಿ. ಆ ಮೇಲೆ ಅವರು ನೇರವಾಗಿ ನಮ್ಮ ಅಂಗಡಿಗೆ ಬಂದರು.

"ಪಿಸ್ತೂಲಿಗೆ ಒಂದು ಒರೆ ಬೇಕು. ಮಾಡ್ತೀರಾ ಸಾಬರೇ?"

"ಕುದುರೆಗೆ ಮಾಡೋನಿಗೆ ಪಿಸ್ತೂಲು ಯಾವ ಲೆಕ್ಕ ಸ್ವಾಮಿ? ಅದಕ್ಕೆ ಕಾಲೂ ಇಲ್ಲ, ಬಾಲಾನೂ ಇಲ್ಲ," ಎಂದರು ಸಾಬರು.

ಇನ್‌ಸ್ಪೆಕ್ಟರು ಆ ಕಡೆ ಹೋದ ಮೇಲೆ ಸಾಬರು ಹುಕ್ಕಾ ಪಕ್ಕಕ್ಕಿಟ್ಟು ನನ್ನನ್ನು ಹತ್ತಿರ ಕರೆದರು.

"ಬೇಟಾ ಮುನೆಂಕಟ, ನೀನು ಪಿಸ್ತೂಲಿನ ಒರೆ ನೋಡಿದ್ದೀಯಾ?"

"ಇಲ್ಲ ಸಾಬ್."

"ನಾನೂ ನೋಡಿಲ್ಲ. ಬಾ, ಇಬ್ರೂ ಒಟ್ಟಿಗೆ ಕಲಿಯೋಣ."

ಅಂದಿನಿಂದ ಗುರುಶಿಷ್ಯರಿಬ್ಬರೂ ಒಂದೇ ತರಗತಿ. ಜೀನಿನ ಅಳತೆ ತೆಗೆಯಲು ಕುದುರೆಯನ್ನು ಒಂದು ದಿನ ಅಂಗಡಿಯ ಮುಂದೆ ಕಟ್ಟಿಸಿಕೊಳ್ಳುವುದು ಸಾಬರ ಪದ್ಧತಿ. ಪಿಸ್ತೂಲನ್ನೂ ಹಾಗೆಯೇ ಬಿಟ್ಟುಹೋಗಿ ಎಂದರು. ಅದಾಗುವುದಿಲ್ಲವೆಂದು ಇನ್‌ಸ್ಪೆಕ್ಟರು ತಾವೇ ಒಂದು ಬೆಳಗ್ಗೆ ಬಂದು, ಗುಂಡುಗಳನ್ನು ತೆಗೆದು ಟೋಪಿಯೊಳಗೆ ಹಾಕಿಕೊಂಡು, ಪಿಸ್ತೂಲನ್ನು ಚಾಪೆಯ ಮೇಲಿಟ್ಟು ಪಕ್ಕದಲ್ಲೇ ಕೂತರು. ಸಾಬರು ಅದರ ಸುತ್ತ ಒಂದು ಸುತ್ತು ನಡೆದು, ಗೇಣು ಹಾಕಿ, ದಾರ ಹಿಡಿದು ಅಳೆದರು. "ಇದಕ್ಕೆ ಎಷ್ಟು ವಯಸ್ಸು ಸ್ವಾಮಿ?" ಎಂದೂ ಕೇಳಿದರು. ಮರಿ ಕುದುರೆಯಾದರೆ ಬೆಳೆಯುತ್ತದಲ್ಲ, ಆ ಅಭ್ಯಾಸ. ಇನ್‌ಸ್ಪೆಕ್ಟರು ನಗಲಿಲ್ಲ.

ನಾನು ನೋಡಿಕೊಂಡೇ ಮೆದು ಮರದ ತುಂಡೊಂದರಲ್ಲಿ ಅದೇ ಆಕಾರದ ಅಚ್ಚು ಕೆತ್ತತೊಡಗಿದೆ. ಒದ್ದೆ ತೊಗಲನ್ನು ಆ ಅಚ್ಚಿನ ಮೇಲೆ ಎಳೆದು ಕೂರಿಸಿ ಒಣಗಿಸಿದರೆ ತೊಗಲು ಪಿಸ್ತೂಲಿನ ರೂಪ ಹಿಡಿಯುತ್ತದೆಂದು ಸಾಬರ ಲೆಕ್ಕ. ಕೆತ್ತನೆ ಆ ದಿನ ಮುಗಿಯಲಿಲ್ಲ. ಉಳಿದದ್ದನ್ನು ಮನೆಯಲ್ಲಿ ಕೆತ್ತೋಣವೆಂದು ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಹಿಡಿಯನ್ನು ನುಣ್ಣಗೆ ಮಾಡುತ್ತಿದ್ದಾಗ ಅಣ್ಣ ಹೊರಗಿನಿಂದ ಬಂದ.

"ಏನ್ಲಾ ಇದು?"

ಹೇಳಿದೆ. ಅವನು ಮರದ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಹಿಂದೆಮುಂದೆ ತಿರುಗಿಸಿ ನೋಡಿದ.

"ಒಳ್ಳೆ ಕೆಲಸ ಕಲೀತಿದ್ದೀಯ ಬಿಡು. ನನಗೆ ಬೀಳೋ ಗುಂಡಿಗೆ ನೀನೇ ಮನೆ ಕಟ್ತಾ ಇದ್ದೀಯ," ಎಂದು ನಗುತ್ತಲೇ ವಾಪಸು ಕೊಟ್ಟ.

ಅವನು ತಮಾಷೆಗೆ ಆಡಿದ್ದು. ಆದರೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿಸಿಕೊಂಡುಬಿಟ್ಟರು. ಅಣ್ಣ ಆಗಲೇ ಒಂದು ಸಲ ಕೋಲಾರದಲ್ಲಿ ಮೆರವಣಿಗೆಗೆ ಹೋಗಿ ಬೆನ್ನ ಮೇಲೆ ಲಾಠಿಯ ಬಾಸುಂಡೆ ಹೊತ್ತು ಬಂದಿದ್ದ. ಅದಕ್ಕೆ ಬಿಸಿ ಉಪ್ಪಿನ ಕಾವು ಕೊಟ್ಟವರು ಅಮ್ಮ. ಲಾಠಿಗಾದರೆ ಉಪ್ಪಿದೆ, ಗುಂಡಿಗೆ ಏನಿದೆ ಎಂಬುದು ಅವರ ದಿಗಿಲು.

"ನಾಯನಾ, ಆ ಕೆಲಸ ನಿನಗೆ ಬೇಡ," ಎಂದರು. "ನೀನು ಹೊಲಿದ ಚೀಲದಿಂದ ತೆಗೆದು ನಮ್ಮ ಕೃಷ್ಣಪ್ಪಂಗೇ ಹೊಡೆದ್ರೆ ನಾನು ಯಾರನ್ನ ಬೈಲಿ?"

ಒಪ್ಪಿಕೊಂಡ ಕೆಲಸ ಬಿಟ್ಟರೆ ಸಾಬರಿಗೆ ಇನ್‌ಸ್ಪೆಕ್ಟರ ಕೋಪ, ಮುಗಿಸಿದರೆ ಮನೆಯಲ್ಲಿ ಈ ಭಯ. ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮರದ ಪಿಸ್ತೂಲೇ ಇಲ್ಲ. ಪೊಲೀಸರು ಅಣ್ಣನನ್ನು ಹುಡುಕಿಕೊಂಡು ಬಂದು ಅದನ್ನು ಕಂಡರೆ ಗತಿಯೇನೆಂದು ಅಮ್ಮ ಅದನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಟ್ಟಿದ್ದರು. ಮೊಳಕೈವರೆಗೆ ರಾಗಿಯಲ್ಲಿ ಕೈ ಆಡಿಸಿ ಹುಡುಕಿ ತೆಗೆದು, ಜಟಕಾ ಹಿಡಿಯಲು ಓಡಿದೆ. ಪೊಲೀಸರ ಪಿಸ್ತೂಲಿನ ಅಚ್ಚನ್ನು ಪೊಲೀಸರಿಂದಲೇ ಬಚ್ಚಿಟ್ಟುಕೊಂಡು ಮುಳಬಾಗಿಲು ಸೇರಿದ್ದಾಯಿತು.

ಅಚ್ಚನ್ನು ನೋಡಿ ಸಾಬರು, "ಎಲ್ಲಾ ಕಡೆ ಇನ್ನೂ ಒಂದು ನೂಲಿನಷ್ಟು ಕೆರೆದು ಸಣ್ಣ ಮಾಡು," ಎಂದರು.

"ಆಗ ಒರೆ ಬಿಗಿಯಾಗಲ್ವಾ ಸಾಬ್?"

"ಬಿಗಿಯಾಗೇ ಇರಬೇಕು. ಹೊಸ ಕೊರಳಪಟ್ಟಿ ಸರಿಯಾಗಿ ಕೂತ್ರೆ ತಿಂಗಳಲ್ಲಿ ಜೋಲುತ್ತೆ. ಬಿಗಿ ಇಟ್ಟರೆ ಕುದುರೆಯ ಬೆವರು ಕುಡಿದು ತಾನಾಗೇ ಸಡಿಲ ಆಗಿ ಕೂರುತ್ತೆ. ಇದು ನಮ್ಮಪ್ಪನ ಕಾಲದಿಂದ ಬಂದಿರೋ ಲೆಕ್ಕ."

"ಪಿಸ್ತೂಲು ಬೆವರುತ್ತಾ?"

ಸಾಬರು ಸ್ವಲ್ಪ ಯೋಚಿಸಿದರು. "ಕಟ್ಟಿಕೊಂಡೋರು ಬೆವರ್ತಾರಲ್ಲ," ಎಂದರು. ನನಗೂ ಸರಿಯೆನಿಸಿತು. ಕೆರೆದೆ.

ಮೊದಲು ಮಾಡಿದ ಒರೆ ಅಡಿಕೆ ಚೀಲದಂತಾಯಿತು. ಇನ್ನೊಂದರಲ್ಲಿ ಮುಚ್ಚಳವನ್ನು ಅಡಿಗೆ ಹೊಲಿದಿದ್ದೆ, ತೆರೆದರೆ ಪಿಸ್ತೂಲು ಕಾಲ ಮೇಲೆ ಬೀಳುವಂತಿತ್ತು. ಸಾಬರು ಬೈಯಲಿಲ್ಲ, ಯಾಕೆಂದರೆ ಹಾಗೆ ಹೊಲಿ ಎಂದು ಹೇಳಿದವರು ಅವರೇ. ಆಮೇಲೆ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ಒಳ್ಳೆಯ ಎಮ್ಮೆ ತೊಗಲು ತಂದೆವು. ನೆನೆಸಿ, ಅಚ್ಚಿನ ಮೇಲೆ ಎಳೆದು, ಕೊಂಬಿನ ತುಂಡಿನಿಂದ ಉಜ್ಜಿ ಉಜ್ಜಿ ಕೂರಿಸಿದೆ. ಗುಂಡು ತುಂಬುವ ಉರುಳೆಯ ಜಾಗದಲ್ಲಿ ತೊಗಲು ದುಂಡಗೆ ಉಬ್ಬಿತು. ಅದರ ಆಚೆ ಈಚೆ ಒತ್ತಿ ತಗ್ಗು ಮಾಡಿದೆ. ಬಟ್ಟೆಯ ಪಟ್ಟಿ ಸುತ್ತಿ ನೆರಳಲ್ಲಿ ಒಣಗಿಸಿ, ಬಿಚ್ಚಿ ನೋಡಿದಾಗ ನನ್ನ ಕೈಯಿಂದಲೇ ಆದದ್ದೆಂದು ನಂಬಲಾಗಲಿಲ್ಲ. ಕಡೆಯ ಹೊಲಿಗೆ ಹಾಕಿ, ಮುಚ್ಚಳಕ್ಕೆ ಹಿತ್ತಾಳೆ ಗುಂಡಿ ಕೂರಿಸಿ, ಹರಳೆಣ್ಣೆ ಸವರಿದೆ. ತೊಗಲು ಜೇನಿನ ಬಣ್ಣಕ್ಕೆ ತಿರುಗಿತು. ಹೊಲಿಗೆ ಒಂದೂ ಸೊಟ್ಟಗಿರಲಿಲ್ಲ. ಅಮ್ಮನ ಮಾತು ನೆನಪಾಗುವವರೆಗೆ ನನ್ನಷ್ಟು ಸಂತೋಷವಾಗಿದ್ದವರು ಆ ತಾಲೂಕಿನಲ್ಲಿ ಯಾರೂ ಇರಲಿಲ್ಲ.

ಇನ್‌ಸ್ಪೆಕ್ಟರು ಬಂದು ಪಿಸ್ತೂಲನ್ನು ಅದರೊಳಗೆ ತೂರಿಸಿದರು. ಅಂಗೈಯಿಂದ ಗುದ್ದಿದ ಮೇಲೆ ಹೋಯಿತು. ತೆಗೆಯಲು ಹೋದರೆ ಬರಲಿಲ್ಲ. ನಾನು ಒರೆ ಹಿಡಿದುಕೊಂಡೆ, ಅವರು ಪಿಸ್ತೂಲು ಹಿಡಿದುಕೊಂಡರು, ಇಬ್ಬರೂ ಎಳೆದಾಗ ಪಟ್ಟನೆ ಬಂತು.

"ಬಿಗಿಯಾಯ್ತಲ್ಲ ಸಾಬರೇ?"

"ಹೊಸದು ಸ್ವಾಮಿ. ದಿನಾ ತೆಗೆದು ಹಾಕಿ ಮಾಡ್ತಾ ಇರಿ. ಬೆಣ್ಣೆ ಥರ ಆಗುತ್ತೆ."

ಇನ್‌ಸ್ಪೆಕ್ಟರು ಸೊಂಟಕ್ಕೆ ಕಟ್ಟಿಕೊಂಡು ಪಕ್ಕದ ಕ್ಷೌರದ ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡರು. ಅವರಿಗೆ ಬಹಳ ಒಪ್ಪಿತ್ತು. ದಿನಾ ತೆಗೆದು ಹಾಕುವ ಗೋಜಿಗೆ ಅವರು ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಒಳ್ಳೆಯ ಬಟ್ಟೆ ಹಾಕಿಕೊಂಡವರು ಅದನ್ನು ತೋರಿಸಿಕೊಂಡು ಓಡಾಡುತ್ತಾರೆಯೇ ಹೊರತು ಬಿಚ್ಚಿ ಬಿಚ್ಚಿ ಹಾಕಿಕೊಳ್ಳುವುದಿಲ್ಲವಲ್ಲ.

ಅದು ಚಲೇಜಾವ್ ಚಳವಳಿಯ ವರ್ಷ. ಮಳೆಗಾಲದ ಒಂದು ಸಂತೆಯ ದಿನ ಮುಳಬಾಗಿಲಿನಲ್ಲಿ ಮೆರವಣಿಗೆ ಎಂದು ಗೊತ್ತಾಗಿತ್ತು. ಅಣ್ಣ ಹಿಂದಿನ ದಿನವೇ ಮನೆಯಿಂದ ಹೋಗಿಬಿಟ್ಟಿದ್ದ. ನಾನು ಬೆಳಗ್ಗೆ ಹೊರಟಾಗ ಅಮ್ಮ ನನಗೆ ಬುತ್ತಿ ಕೊಟ್ಟರು. ಒಂದು ವಾರದಿಂದ ಜಿಟಿಜಿಟಿ ಮಳೆ ಹಿಡಿದು, ಅಂದು ಮಾತ್ರ ಚುರುಕು ಬಿಸಿಲು ಬಿದ್ದಿತ್ತು. ನೆನೆದು ಒಣಗಿದ ತೊಗಲು ಕುಗ್ಗಿ ಬಿಗಿಯುತ್ತದೆಂದು ನನಗೆ ಗೊತ್ತು. ಆದರೆ ಆಗ ನನ್ನ ತಲೆಯಲ್ಲಿ ತೊಗಲಿನ ವಿಚಾರವೇ ಇರಲಿಲ್ಲ.

ಆಂಜನೇಯನ ಗುಡಿಯ ಕಡೆಯಿಂದ ಜೈಕಾರ ಕೇಳಿಸಿತು. ಸಾಬರು ಅಂಗಡಿಯ ಹಲಗೆ ಎಳೆದರು. ನಾನು ಒಳಗೆ ಕೂರಲಾರದೆ ಓಡಿದೆ. ಜನ ರಸ್ತೆ ತುಂಬಿಕೊಂಡು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಬಾವುಟ ಹಿಡಿದುಕೊಂಡು ಬರುತ್ತಿದ್ದವನು ಅಣ್ಣ. ಎದುರಿಗೆ ಇನ್‌ಸ್ಪೆಕ್ಟರು, ಅವರ ಹಿಂದೆ ನಾಲ್ಕಾರು ಜನ ಕಾನ್‌ಸ್ಟೇಬಲ್‌ಗಳು. ಇಷ್ಟು ಜನರನ್ನು ಇಷ್ಟು ಮಂದಿ ಹೇಗೆ ತಡೆಯುವುದೆಂಬ ದಿಗಿಲು ಇನ್‌ಸ್ಪೆಕ್ಟರ ಮುಖದಲ್ಲೇ ಕಾಣುತ್ತಿತ್ತು.

"ಇಲ್ಲೇ ನಿಲ್ಲಿ. ಒಂದು ಹೆಜ್ಜೆ ಮುಂದೆ ಇಟ್ಟರೆ ಸರಿಯಿರಲ್ಲ," ಎಂದರು.

ಅಣ್ಣ ನಿಂತ. ಹಿಂದಿನವರು ನಿಲ್ಲಲಿಲ್ಲ, ತಳ್ಳಿದರು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಕಲ್ಲೊಂದು ಇನ್‌ಸ್ಪೆಕ್ಟರ ಟೋಪಿಯನ್ನು ಹಾರಿಸಿತು. ಅವರ ಹಣೆಯಿಂದ ರಕ್ತ ಇಳಿಯಿತು. ಅವರ ಕೈ ನೇರವಾಗಿ ಸೊಂಟಕ್ಕೆ ಹೋಯಿತು. ನಾನು ಕೂರಿಸಿದ ಹಿತ್ತಾಳೆ ಗುಂಡಿ ಬಿಚ್ಚಿಕೊಂಡ ಸದ್ದು ನನಗೆ ಕೇಳಿಸಿತೆಂದು ಈಗಲೂ ಅನಿಸುತ್ತದೆ. ಅಷ್ಟು ಗದ್ದಲದಲ್ಲಿ ಕೇಳಿಸಿರಲಾರದು. ಅವರಿಗೂ ಅಣ್ಣನಿಗೂ ನಡುವೆ ಒಂದು ಮಾರು ಜಾಗವಿತ್ತು. ನಾನು ಅಲ್ಲೇ ಇದ್ದ ಮೆಣಸಿನಕಾಯಿ ಮೂಟೆಯನ್ನು ಹಿಡಿದುಕೊಂಡೆ.

ಇನ್‌ಸ್ಪೆಕ್ಟರು ಪಿಸ್ತೂಲಿನ ಹಿಡಿ ಹಿಡಿದು ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಒರೆಯೇ ಮೇಲಕ್ಕೆ ಎದ್ದು ಕಂಕುಳವರೆಗೆ ಬಂತು, ಪಿಸ್ತೂಲು ಮಾತ್ರ ಕದಲಲಿಲ್ಲ. ಎಡಗೈಯಿಂದ ಒರೆಯನ್ನು ಕೆಳಕ್ಕೆ ಒತ್ತಿ ಹಿಡಿದು ಬಲಗೈಯಿಂದ ಜಗ್ಗಿದರು. ಸೊಂಟದ ಪಟ್ಟಿ ಸುತ್ತಿಕೊಂಡು ಒರೆ ಬೆನ್ನಿಗೆ ಹೋಯಿತು. ಅದನ್ನು ಹಿಡಿಯಲು ಅವರೂ ಒಂದು ಸುತ್ತು ತಿರುಗಿದರು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅವರು ತೆಗೆಯಲು ಹೊರಟದ್ದು ಏನೆಂದು ಜನಕ್ಕೆ ಅರ್ಥವಾಗುವಷ್ಟು ಹೊತ್ತು ಸಿಕ್ಕಿತ್ತು.

ಅಣ್ಣನಿಗೂ ಸಿಕ್ಕಿತ್ತು. ಅವನು ಬಾವುಟ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. "ಕೂತ್ಕೊಳ್ಳಿ, ಎಲ್ಲಾ ಕೂತ್ಕೊಳ್ಳಿ. ಕಲ್ಲು ಕೆಳಗೆ ಹಾಕ್ರೋ," ಎಂದು ಕೂಗಿದ. ಮುಂದಿನ ಸಾಲು ಕೂತಿತು, ಅದರ ಹಿಂದಿನದು ಕೂತಿತು. ಕೆಸರಿನಲ್ಲಿ, ಸಂತೆಯ ಸೊಪ್ಪುಸದೆಯ ನಡುವೆ ಅಷ್ಟೂ ಜನ ಕೂತರು. ಇನ್‌ಸ್ಪೆಕ್ಟರು ಏದುಸಿರು ಬಿಡುತ್ತ ಕೂತವರನ್ನು ನೋಡಿದರು. ನಿಧಾನವಾಗಿ ಅವರ ಕೈ ಪಿಸ್ತೂಲಿನ ಹಿಡಿಯನ್ನು ಬಿಟ್ಟಿತು. ಟೋಪಿ ಎತ್ತಿಕೊಂಡು, ಕರವಸ್ತ್ರದಿಂದ ಹಣೆ ಒತ್ತಿಕೊಂಡು, ಮುಂದಿನ ಸಾಲಿನವರನ್ನು ಹಿಡಿದು ಕೋಲಾರಕ್ಕೆ ಕಳಿಸಿ ಎಂದು ಕಾನ್‌ಸ್ಟೇಬಲ್‌ಗಳಿಗೆ ಹೇಳಿದರು. ಅಣ್ಣ ಇದ್ದಲಿನ ಬಸ್ಸು ಹತ್ತಿ ಕೈ ಬೀಸುತ್ತ ಜೈಲಿಗೆ ಹೋದ. ಪೇಟೆ ದಾಟಿ ಏರು ಬಂದ ಕಡೆ ಕೈದಿಗಳೂ ಪೊಲೀಸರೂ ಸೇರಿಯೇ ಬಸ್ಸು ತಳ್ಳಿದರಂತೆ.

ನಾನು ಊರಿಗೆ ಓಡಿ ಅಮ್ಮನಿಗೆ ಹೇಳಿದೆ. "ಜೈಲಾ? ಅಷ್ಟೇನಾ?" ಎಂದರು ಅಮ್ಮ. ಮೂರು ಸಲ ಕೇಳಿದರು. ಮಗ ಜೈಲಿಗೆ ಹೋದ ಸುದ್ದಿಗೆ ಅಷ್ಟು ಹಗುರಾಗಿ ಉಸಿರು ಬಿಟ್ಟ ತಾಯಿಯನ್ನು ನಾನು ಬೇರೆ ಕಂಡಿಲ್ಲ. ಅಂದು ನಮ್ಮ ಮನೆಯಲ್ಲಿ ಹಬ್ಬದಂತೆ ಒಬ್ಬಟ್ಟು ಮಾಡಿದರು. ನಾನೂ ಹೊಟ್ಟೆತುಂಬ ತಿಂದೆ.

ನನ್ನ ನೆಮ್ಮದಿ ಬೆಳಗಿನವರೆಗೆ ಮಾತ್ರ. ಮರುದಿನ ಅಂಗಡಿಯಲ್ಲಿ ಕೂತಿದ್ದಾಗ ಇನ್‌ಸ್ಪೆಕ್ಟರು ಒಬ್ಬರೇ ಬಂದರು. ಹಣೆಗೆ ಪಟ್ಟಿ, ಕೈಯಲ್ಲಿ ಒರೆ, ಒರೆಯಲ್ಲಿ ಪಿಸ್ತೂಲು ಹಾಗೇ ಇದೆ. ನಾನು ಜೀನುಗಳ ರಾಶಿಯ ಹಿಂದೆ ಸರಿದೆ. ಅಣ್ಣನನ್ನು ಕಾಪಾಡಲೆಂದೇ ನಾನು ಬಿಗಿಯಾಗಿ ಹೊಲಿದೆನೆಂದು ಆಮೇಲೆ ಊರಲ್ಲಿ ಹೊಗಳಿದರು, ದೇಶಭಕ್ತನೆಂದರು. ಅಷ್ಟು ಬುದ್ಧಿ ನನಗಿದ್ದಿದ್ದರೆ ಪರೀಕ್ಷೆ ಪಾಸಾಗುತ್ತಿದ್ದೆ. ಆದರೆ ಆ ಬೆಳಗ್ಗೆ ಇನ್‌ಸ್ಪೆಕ್ಟರೂ ಹಾಗೇ ತಿಳಿದಿದ್ದಾರೆಂದು ನನಗೆ ಭಯ.

ಸಾಬರು ಒರೆಯನ್ನು ತೆಗೆದುಕೊಂಡು, ಬಿದಿರ ಕಡ್ಡಿಯಿಂದ ಸುತ್ತಲೂ ಹರಳೆಣ್ಣೆ ಇಳಿಸಿದರು. ಬಹಳ ಹೊತ್ತು ಬಿಟ್ಟು ನಾವಿಬ್ಬರೂ ಎಳೆದಾಗ ಪಿಸ್ತೂಲು ಬಂತು. ಇನ್‌ಸ್ಪೆಕ್ಟರು ಗುಂಡುಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈಗೆ ಹಾಕಿಕೊಂಡು ನೋಡುತ್ತ ಕೂತರು.

"ತಪ್ಪಾಯ್ತು ಸ್ವಾಮಿ," ಎಂದರು ಸಾಬರು. "ಇದು ಕುದುರೆ ಲೆಕ್ಕದಲ್ಲಿ ಮಾಡಿದ್ದು. ನೆನೆಸಿ, ದೊಡ್ಡ ಅಚ್ಚಿಗೆ ಹಾಕಿ, ಸಂಜೆಯೊಳಗೆ ಸಡಿಲ ಮಾಡಿ ಕೊಡ್ತೀನಿ."

ಇನ್‌ಸ್ಪೆಕ್ಟರು ತಲೆ ಎತ್ತಿ ನನ್ನ ಕಡೆ ನೋಡಿದರು. "ಬಾವುಟ ಹಿಡಿದಿದ್ದ ಹುಡುಗ ನಿನಗೆ ಏನಾಗಬೇಕು?"

"ಅಣ್ಣ, ಸ್ವಾಮಿ."

ಅವರು ಗುಂಡುಗಳನ್ನು ಜೇಬಿಗೆ ಹಾಕಿಕೊಂಡರು. ಖಾಲಿ ಪಿಸ್ತೂಲನ್ನು ಒರೆಯೊಳಗಿಟ್ಟು, ಅಂಗೈಯಿಂದ ಗುದ್ದಿ ಗುದ್ದಿ ಪೂರ್ತಿ ಕೂರಿಸಿದರು.

"ಸಡಿಲ ಮಾಡಬೇಡಿ ಸಾಬರೇ," ಎಂದರು. "ನನಗೆ ಸಿಟ್ಟು ಬೇಗ ಬರುತ್ತೆ. ಅಷ್ಟೇ ಬೇಗ ಹೋಗೂ ಹೋಗುತ್ತೆ. ನಡುವೆ ಸ್ವಲ್ಪ ಹೊತ್ತು ಬೇಕು."

ಮುಂದಿನ ವರ್ಷ ಬೇಸಗೆಯಲ್ಲಿ ಅವರಿಗೆ ಬೇರೆ ಕಡೆಗೆ ವರ್ಗವಾಯಿತು. ಹೊರಡುವ ಮುನ್ನ ಅಂಗಡಿಗೆ ಬಂದು ಒರೆಯನ್ನು ನನ್ನ ಮುಂದಿಟ್ಟು, "ಸ್ವಲ್ಪ ಸಡಿಲ ಆಗಿದೆ, ಬಿಗಿ ಮಾಡಿಕೊಡು," ಎಂದು ಹೇಳಿ ಹೋದರು. ಸಾಬರು ಮಗಳ ಮನೆಗೆಂದು ಮಾಲೂರಿಗೆ ಹೋಗಿದ್ದರು. ಅಣ್ಣ ಜೈಲಿನಿಂದ ಬಂದು, ಕಳೆದುಕೊಂಡ ಮೈಯನ್ನು ಅಮ್ಮನ ಮುದ್ದೆಯಲ್ಲಿ ಮತ್ತೆ ತುಂಬಿಕೊಂಡು, ಅಂದು ನನ್ನ ಜೊತೆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ನಾನು ಮರದ ಅಚ್ಚನ್ನು ಇನ್ನೂ ಒಂದು ನೂಲು ಕೆರೆದೆ. ಒರೆಯನ್ನು ನೆನೆಸಿ, ಅಚ್ಚಿಗೆ ಎಳೆದು ಕಟ್ಟಿ, ನಡುಹಗಲಿನ ಬಿಸಿಲಿಗಿಟ್ಟೆ. ಯಾರ ಸಹಾಯವೂ ಇಲ್ಲದೆ ನಾನೊಬ್ಬನೇ ಪೂರ್ತಿ ಮಾಡಿದ ಮೊದಲ ಕೆಲಸ ಅದು. ಒಣಗಿದ ಮೇಲೆ ಅಚ್ಚಿನ ಸಮೇತ ಅಣ್ಣನ ಕೈಗೆ ಕೊಟ್ಟು, ತೆಗೆದು ನೋಡು ಎಂದೆ.

ಅಣ್ಣ ಒರೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಜಗ್ಗಿದ. ಮುಖ ಕೆಂಪಾಯಿತು. ಬರಲಿಲ್ಲ.

"ಇನ್ನೂ ಸ್ವಲ್ಪ ಬಿಗಿ ಮಾಡ್ಲಾ ಅಣ್ಣಾ?"

"ಸಾಕು ಕಣೋ," ಎಂದು ಅವನು ಒರೆಯನ್ನು ವಾಪಸು ಕೊಟ್ಟ. "ಮುಂದಿನ ಊರಲ್ಲೂ ಬಾವುಟ ಹಿಡಿದೋರು ಇರ್ತಾರೆ. ಅವರಿಗೆ ಇಷ್ಟು ಹೊತ್ತು ಸಿಕ್ಕಿದ್ರೆ ಸಾಕು."